ಪೋರ್ಟ್‌ಫೋಲಿಯೋ ಸೈಟ್ ಮಾಡಿಸಿ ಹದಿನಾಲ್ಕು ತಿಂಗಳಾದ ಮೇಲೆ ಬರೆದ ರಿವ್ಯೂ

ಸೈಟ್ ಬಂದ ಮೊದಲ ವಾರವೇ ರಿವ್ಯೂ ಬರೆಯಬಹುದಿತ್ತು. ಆಗ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಹೊಸ ಸೈಟ್ ಯಾವುದೇ ಇರಲಿ, ಮೊದಲ ವಾರ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಬೇಕಂತಲೇ ಕಾದೆ. ಈಗ ಹದಿನಾಲ್ಕು ತಿಂಗಳಾಯಿತು. ಇದರಿಂದ ಕೆಲಸ ಬಂದಿದೆ, ತೊಂದರೆಯೂ ಆಗಿದೆ, ಫೋಟೋಗಳನ್ನು ನಾನೇ ಮೂರು ಸಲ ಬದಲಿಸಿದ್ದೇನೆ. ಈಗ ಮಾತಾಡಬಹುದು ಅನ್ನಿಸುತ್ತಿದೆ.

ನಾನು ಜಾಸ್ತಿ ತೆಗೆಯುವುದು ರಂಗದ ಮೇಲಿನ ಫೋಟೋ. ನಾಟಕ, ನೃತ್ಯ, ಜೊತೆಗೆ ಕಲಾವಿದರ ಪೋರ್ಟ್ರೇಟ್. ಅಂದರೆ ಕತ್ತಲೆ ಜಾಸ್ತಿ, ಕೆಂಪು ನೀಲಿ ಲೈಟು ಜಾಸ್ತಿ, ಅರ್ಧಕ್ಕರ್ಧ ಫೋಟೋಗಳು ಉದ್ದುದ್ದ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮದುವೆ ಫೋಟೋ ಅಥವಾ ಕಟ್ಟಡಗಳ ಫೋಟೋ ತೆಗೆಯುವವರಿಗೆ ಇದೇ ಸೇವೆ ಬೇರೆ ಥರ ಅನ್ನಿಸಬಹುದು.

ಸೈಟ್ ಮಾಡಿಕೊಟ್ಟವರು ಇಬ್ಬರೇ ಇರುವ ಒಂದು ಸಣ್ಣ ತಂಡ. ಒಬ್ಬರು ಡಿಸೈನ್ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಕೋಡ್ ಬರೆಯುತ್ತಾರೆ. ಫೋಟೋಗ್ರಾಫರ್‌ಗಳಿಗೆ ಮಾತ್ರ ಸೈಟ್ ಮಾಡುತ್ತಾರೆ. ಹೆಸರು ಇಲ್ಲಿ ಹಾಕುತ್ತಿಲ್ಲ, ಯಾಕಂದರೆ ಕೆಳಗೆ ದೂರುಗಳೂ ಇವೆ, ಅವುಗಳಲ್ಲಿ ಜಾಸ್ತಿ ಈಗಾಗಲೇ ಸರಿಯಾಗಿವೆ. ಅವರು ಏನು ಮಾಡಿದರು, ಯಾಕೆ ಮಾಡಿದರು ಅನ್ನೋದನ್ನು ಬಿಡಿಸಿ ಹೇಳುತ್ತೇನೆ. ನೀವು ಯಾರ ಹತ್ತಿರ ಹೋದರೂ ಅದೇ ಪ್ರಶ್ನೆಗಳನ್ನು ಕೇಳಬಹುದು.

ಮೊದಲ ಮಾತುಕತೆಗೆ ನನಗಿಷ್ಟವಾದ ಏಳೆಂಟು ಸೈಟುಗಳ ಪಟ್ಟಿ ಮಾಡಿಕೊಂಡು ಕೂತಿದ್ದೆ. ಅವರು ಒಂದೊಂದನ್ನೂ ತಾಳ್ಮೆಯಿಂದ ನೋಡಿದರು, ಆಮೇಲೆ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಇವು ಚೆನ್ನಾಗಿ ಕಾಣುತ್ತಿರುವುದು ಅವುಗಳಲ್ಲಿರುವ ಫೋಟೋಗಳಿಂದ, ನಿಮ್ಮ ಫೋಟೋ ಹಾಕಿದಾಗ ಏನಾಗುತ್ತದೆ ಅಂತ ಇದರಿಂದ ಗೊತ್ತಾಗುವುದಿಲ್ಲ ಅಂದರು. ಬದಲಿಗೆ ಹತ್ತು ಫೋಟೋ ಕಳಿಸಿ ಅಂತ ಕೇಳಿದರು. ಒಳ್ಳೆಯ ಹತ್ತಲ್ಲ, ಕಷ್ಟದ ಹತ್ತು.

ಈ ಒಂದು ಮಾತಿಗೇ ನಾನು ಅವರನ್ನು ಒಪ್ಪಿಕೊಂಡೆ. ಯಾಕಂದರೆ ಅದಕ್ಕೂ ಮೊದಲು ನಾನು ಮೋಸ ಹೋಗಿದ್ದೇ ಅಲ್ಲಿ. ಟೆಂಪ್ಲೇಟಿನ, ಅಂದರೆ ರೆಡಿಮೇಡ್ ವಿನ್ಯಾಸದ, ಡೆಮೊ ಪುಟದಲ್ಲಿ ಹಗಲು ಬೆಳಕಿನ, ಅಡ್ಡಡ್ಡ ಇರುವ, ಮಧ್ಯದಲ್ಲಿ ಒಂದೇ ಮುಖ ಇರುವ ಫೋಟೋಗಳು ಇರುತ್ತವೆ. ಅವನ್ನು ಯಾವ ಚೌಕಟ್ಟಿಗೆ ಹಾಕಿದರೂ ಚೆನ್ನಾಗಿಯೇ ಇರುತ್ತವೆ, ಅಲ್ವಾ? ನನ್ನ ಹತ್ತು ಫೋಟೋಗಳಲ್ಲಿ ಒಂದು, ಕಪ್ಪು ಪರದೆಯ ಮುಂದೆ ಕೆಂಪು ಉಡುಪಿನಲ್ಲಿ ಹಾರಿದ ನರ್ತಕಿ, ಎರಡೂ ಕೈ ಫ್ರೇಮಿನ ಅಂಚಿನವರೆಗೆ ಚಾಚಿದ್ದಾಳೆ. ಇನ್ನೊಂದರಲ್ಲಿ ನಟ ಎಡಗಡೆಯ ಮೂಲೆಯಲ್ಲಿ ಕೂತಿದ್ದಾನೆ, ಉಳಿದದ್ದೆಲ್ಲ ಕತ್ತಲೆ, ಆ ಕತ್ತಲೆಯೇ ಆ ಫೋಟೋದ ಅರ್ಥ. ಇಡೀ ರಂಗ ತೋರಿಸುವ ತುಂಬಾ ಅಗಲದ ಫೋಟೋ ಒಂದಿತ್ತು. ಬಿಳಿ ಗೋಡೆಯ ಮುಂದೆ ಬಿಳಿ ಕೂದಲಿನ ಅಜ್ಜಿಯೊಬ್ಬರ ಕಪ್ಪು ಬಿಳುಪು ಮುಖ ಇತ್ತು. ಈ ಹತ್ತನ್ನು ಇಟ್ಟುಕೊಂಡೇ ಅವರು ಇಡೀ ಸೈಟ್ ಕಟ್ಟಿದರು. ಯಾವುದೇ ಪುಟ ತಯಾರಾದರೂ ಮೊದಲು ಈ ಹತ್ತನ್ನು ಅದರಲ್ಲಿ ಹಾಕಿ ನೋಡುತ್ತಿದ್ದರು.

ಇದಕ್ಕೂ ಹಿಂದೆ ನನಗೆ ಮೂರು ಸೈಟು ಇದ್ದವು. ಮೊದಲನೆಯದು ಫ್ಲ್ಯಾಶ್‌ನಲ್ಲಿ ಮಾಡಿದ್ದು, ಕ್ಯಾಮೆರಾದ ಫ್ಲ್ಯಾಶ್ ಅಲ್ಲ, ಬ್ರೌಸರಿನಲ್ಲಿ ಅನಿಮೇಶನ್ ಓಡಿಸುತ್ತಿದ್ದ ಅಡೋಬಿಯ ಸಾಫ್ಟ್‌ವೇರ್. ಆ ಕಾಲದಲ್ಲಿ ಫೋಟೋಗ್ರಾಫರ್‌ಗಳು ಅಂದರೆ ಫ್ಲ್ಯಾಶ್ ಸೈಟೇ ಬೇಕಿತ್ತು, ಪರದೆ ಸರಿದ ಹಾಗೆ ತೆರೆಯುವುದು, ಹಿನ್ನೆಲೆಯಲ್ಲಿ ಸಂಗೀತ, ಎಲ್ಲ ಇತ್ತು. 2007ರಲ್ಲಿ ಬಂದ ಐಫೋನ್ ಫ್ಲ್ಯಾಶನ್ನು ಓಡಿಸಲೇ ಇಲ್ಲ, ಕೊನೆಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಅದನ್ನು ನಿಲ್ಲಿಸಿತು. ಎರಡನೆಯದನ್ನು ಒಂದು ಏಜೆನ್ಸಿ ಮಾಡಿಕೊಟ್ಟಿತ್ತು. ಅದರ ಬಗ್ಗೆ ನೆನೆದರೆ ಈಗಲೂ ಬೇಜಾರಾಗುತ್ತದೆ. ಡೊಮೇನನ್ನು, ಅಂದರೆ ಸೈಟಿನ ವಿಳಾಸವನ್ನು, ಅವರು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರು, ಅದು ನನಗೆ ಗೊತ್ತಾಗಿದ್ದು ಬಿಟ್ಟು ಹೋಗಬೇಕು ಅಂದಾಗ. ಟ್ರಾನ್ಸ್‌ಫರ್ ಕೋಡ್ ಕೊಡಿ ಅಂತ ಎರಡು ತಿಂಗಳು ಹಿಂದೆ ಬಿದ್ದೆ. ನನ್ನದೇ ಹೆಸರಿನ ವಿಳಾಸಕ್ಕೆ ಬೇರೆಯವರ ಹತ್ತಿರ ಕೈಚಾಚಿ ನಿಲ್ಲುವುದು ಎಂಥ ಸ್ಥಿತಿ ಅನ್ನೋದು ಅನುಭವಿಸಿದವರಿಗೇ ಗೊತ್ತು. ಮೂರನೆಯದು ರೆಡಿಮೇಡ್ ಟೆಂಪ್ಲೇಟ್, ಅದರ ಬಗ್ಗೆ ಆಮೇಲೆ ಹೇಳುತ್ತೇನೆ, ಕೆಳಗೆ ಹಳೆಯ ಸೈಟು ಅಂದರೆ ಅದೇ.

ಹಾಗಾಗಿ ಈ ತಂಡದವರಿಗೆ ನಾನು ಹಾಕಿದ ಮೊದಲ ಷರತ್ತು ಡೊಮೇನ್ ನನ್ನ ಹೆಸರಿನಲ್ಲಿ, ನನ್ನ ಇಮೇಲ್‌ನಲ್ಲಿ ಇರಬೇಕು ಅಂತ. ಅವರು ಅದನ್ನು ಮೊದಲೇ ಒಪ್ಪಂದದಲ್ಲಿ ಬರೆದಿಟ್ಟಿದ್ದರು. ಸೈಟಿನ ಫೈಲುಗಳನ್ನು ಇಟ್ಟಿರುವ ಹೋಸ್ಟಿಂಗ್ ಖಾತೆಯೂ ನನ್ನದೇ. ಕೆಲಸ ಮುಗಿದ ದಿನ ಇಡೀ ಸೈಟಿನ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಕೊಟ್ಟರು.

ಈಗ ನಿಜವಾದ ಕೆಲಸಕ್ಕೆ ಬರೋಣ, ಅಂದರೆ ಫೋಟೋ ಆರಿಸುವುದಕ್ಕೆ. ಹಳೆಯ ಸೈಟಿನಲ್ಲಿ ನನ್ನ 340 ಫೋಟೋ ಇದ್ದವು. ನನಗೆ ಅದು ಜಾಸ್ತಿ ಅಂತ ಅನ್ನಿಸಿರಲಿಲ್ಲ, ಹನ್ನೆರಡು ವರ್ಷದ ಕೆಲಸ ಅಲ್ವಾ. ಡಿಸೈನ್ ಮಾಡುವವರು ಒಂದೇ ಪ್ರಶ್ನೆ ಕೇಳಿದರು: ಇದನ್ನು ನೋಡಿ ಯಾರು ನಿಮಗೆ ಕೆಲಸ ಕೊಡಬೇಕು? ನಾನು ನಾಟಕ ತಂಡದವರು, ನೃತ್ಯ ಸಂಸ್ಥೆಯವರು, ಪತ್ರಿಕೆಯ ಫೋಟೋ ಎಡಿಟರ್‌ಗಳು ಅಂದೆ. ಹಾಗಾದರೆ ಹೂವಿನ ಫೋಟೋ ಯಾಕಿದೆ, ಪ್ರವಾಸದ ಫೋಟೋ ಯಾಕಿದೆ, ಇತರೆ ಅನ್ನೋ ವಿಭಾಗ ಯಾಕಿದೆ ಅಂದರು. ಉತ್ತರ ಇರಲಿಲ್ಲ. ಸುಮ್ನೆ ಇದ್ದವು ಅಷ್ಟೇ.

ಆಮೇಲೆ ಎಲ್ಲ ಫೋಟೋಗಳನ್ನೂ ಬೆರಳುದ್ದದ ಪ್ರಿಂಟ್ ತೆಗೆಸಿ ನೆಲದ ಮೇಲೆ ಹರಡಿ ಅಂದರು. ಸ್ಕ್ರೀನ್ ಮೇಲೆ ಮಾಡಬಾರದಾ ಅಂತ ಕೇಳಿದೆ. ಸ್ಕ್ರೀನ್ ಮೇಲೆ ಒಂದು ಸಲಕ್ಕೆ ಒಂದು ಫೋಟೋ ನೋಡುತ್ತೀರಿ, ನೆಲದ ಮೇಲೆ ಎಲ್ಲವನ್ನೂ ಒಟ್ಟಿಗೆ ನೋಡುತ್ತೀರಿ ಅಂದರು. ಸರಿ, ಹರಡಿದೆ. ವಿಡಿಯೋ ಕರೆಯಲ್ಲಿ ಅವರು ನೋಡುತ್ತಾ ಕೂತರು, ನಾನು ಮಂಡಿಯೂರಿ ಅದನ್ನು ಇಲ್ಲಿಡು ಇದನ್ನು ಅಲ್ಲಿಡು ಅಂತ ಮಾಡುತ್ತಾ ಹೋದೆ. ಮೊದಲ ಅರ್ಧ ಗಂಟೆಯಲ್ಲೇ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನನ್ನ ಹತ್ತಿರ ಒಂದೇ ಫೋಟೋ ಇಪ್ಪತ್ತು ಸಲ ಇತ್ತು. ಬೇರೆ ಬೇರೆ ನಾಟಕ, ಬೇರೆ ಬೇರೆ ನಟರು, ಆದರೆ ಅದೇ ಬದಿಯ ಬೆಳಕು, ಅದೇ ಮೇಲೆತ್ತಿದ ಮುಖ, ಅದೇ ದೂರ. ಒಂದೊಂದಾಗಿ ನೋಡಿದಾಗ ಎಲ್ಲವೂ ಒಳ್ಳೆಯ ಫೋಟೋಗಳೇ. ಒಟ್ಟಿಗೆ ನೋಡಿದಾಗ ಅದರಲ್ಲಿ ಒಂದು ಸಾಕು ಅಂತ ನನಗೇ ಅನ್ನಿಸಿತು.

ನಾಲ್ಕು ಸಂಜೆ ಹಿಡಿಯಿತು. 340 ಇದ್ದದ್ದು 46ಕ್ಕೆ ಬಂತು. ಕೊನೆಯ ಹತ್ತನ್ನು ಕೈಬಿಡುವಾಗ ತುಂಬಾ ನೋವಾಯಿತು. ಒಂದು ಫೋಟೋ ಇತ್ತು, ಮಳೆಯಲ್ಲಿ ಬಯಲು ನಾಟಕ ನಡೆಯುತ್ತಿರುವಾಗ ಮೂರು ಗಂಟೆ ಕಾದು ತೆಗೆದದ್ದು. ಅದನ್ನು ತೆಗೆದುಬಿಡಿ ಅಂದಾಗ ಜಗಳವೇ ಆಡಿದೆ. ನೀವು ಕಾದದ್ದು ಫೋಟೋದಲ್ಲಿ ಕಾಣುತ್ತಿಲ್ಲ, ಅದು ನಿಮಗೆ ಮಾತ್ರ ಗೊತ್ತು ಅಂದರು. ಎರಡು ದಿನ ಅವರ ಮೇಲೆ ಸಿಟ್ಟಿತ್ತು. ಮೂರನೆಯ ದಿನ ಆ ಪ್ರಿಂಟನ್ನು ನಾನೇ ಎತ್ತಿಟ್ಟೆ.

ಆರಿಸಿದ ಮೇಲೆ ಜೋಡಿಸುವುದು. ಇದರಲ್ಲಿ ಅವರ ಕೈಚಳಕ ನೋಡಿ ನನಗೆ ಗೌರವ ಬಂತು. ಒಂದು ಫೋಟೋದಲ್ಲಿ ನಟಿ ಬಲಕ್ಕೆ ನೋಡುತ್ತಿದ್ದರೆ ಮುಂದಿನದರಲ್ಲಿ ಯಾರೋ ಆ ನೋಟಕ್ಕೆ ಉತ್ತರ ಕೊಡುವ ಹಾಗೆ ಎಡಕ್ಕೆ ತಿರುಗಿರುತ್ತಾರೆ. ನಾಲ್ಕು ಗದ್ದಲದ ಫೋಟೋ ಆದ ಮೇಲೆ ಆ ಮೂಲೆಯಲ್ಲಿ ಕೂತ ನಟನ ಕತ್ತಲೆಯ ಫೋಟೋ ಬರುತ್ತದೆ, ನೋಡುವವರು ಅಲ್ಲಿ ತಾವಾಗಿಯೇ ನಿಲ್ಲುತ್ತಾರೆ. ಹಳೆಯ ಸೈಟಿನಲ್ಲಿ ಫೋಟೋಗಳು ತಾರೀಖಿನ ಪ್ರಕಾರ ಇದ್ದವು. ಅದು ಜೋಡಣೆಯೇ ಅಲ್ಲ ಅಂತ ಈಗ ಅನ್ನಿಸುತ್ತದೆ.

ಬಣ್ಣದ ವಿಷಯ ಇನ್ನೂ ಸ್ವಲ್ಪ ಉದ್ದ ಹೇಳಬೇಕು, ಯಾಕಂದರೆ ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಹಳೆಯ ಸೈಟಿನಲ್ಲಿ ನನ್ನ ಫೋಟೋಗಳು ಸಪ್ಪೆಯಾಗಿ ಕಾಣುತ್ತಿದ್ದವು. ಕೆಂಪು ಮಂಕು, ಚರ್ಮದ ಬಣ್ಣಕ್ಕೆ ಜೀವ ಇಲ್ಲ. ವರ್ಷಗಟ್ಟಲೆ ಅದನ್ನು ಮಾನಿಟರಿನ ತಪ್ಪು ಅಂದುಕೊಂಡಿದ್ದೆ. ಕೋಡ್ ಬರೆಯುವವರು ಒಂದು ಫೈಲ್ ತೆರೆದು ನೋಡಿ ಐದು ನಿಮಿಷದಲ್ಲಿ ಕಾರಣ ಹೇಳಿದರು. ನಾನು ಪ್ರಿಂಟಿಗೆ ಅಂತ ಅಡೋಬಿ ಆರ್‌ಜಿಬಿ ಅನ್ನೋ ಬಣ್ಣದ ಅಳತೆಯಲ್ಲಿ ಎಕ್ಸ್‌ಪೋರ್ಟ್ ಮಾಡಿದ ಫೈಲುಗಳನ್ನೇ ಅಪ್‌ಲೋಡ್ ಮಾಡುತ್ತಿದ್ದೆ. ಸೈಟು ಅವನ್ನು ಚಿಕ್ಕದು ಮಾಡುವಾಗ ಒಳಗಿದ್ದ ಐಸಿಸಿ ಪ್ರೊಫೈಲನ್ನು, ಅಂದರೆ ಬಣ್ಣ ಯಾವ ಅಳತೆಯಲ್ಲಿದೆ ಅಂತ ಹೇಳುವ ಚೀಟಿಯನ್ನು, ಕಿತ್ತು ಹಾಕುತ್ತಿತ್ತು. ಪ್ರೊಫೈಲ್ ಇಲ್ಲದ ಫೋಟೋವನ್ನು ಬ್ರೌಸರುಗಳು ಎಸ್‌ಆರ್‌ಜಿಬಿ ಅಂತಲೇ ಓದುತ್ತವೆ. ಎಸ್‌ಆರ್‌ಜಿಬಿ ಅನ್ನೋದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ಬಣ್ಣದ ಅಳತೆ, ವೆಬ್ ಈಗಲೂ ಮೂಲತಃ ಅದರ ಮೇಲೇ ನಿಂತಿದೆ. ಎಸ್‌ಆರ್‌ಜಿಬಿಯಲ್ಲಿ 255 ಆಗಿರುವ ಅದೇ ಅಪ್ಪಟ ಕೆಂಪು ಅಡೋಬಿ ಆರ್‌ಜಿಬಿಯಲ್ಲಿ 219 ಅಂತ ಬರೆದಿರುತ್ತದೆ. ಅಳತೆ ಯಾವುದು ಅಂತ ಹೇಳುವ ಚೀಟಿ ಕಳೆದುಹೋದರೆ ಬ್ರೌಸರು ಆ 219ನ್ನು ಮಂಕು ಕೆಂಪು ಅಂತ ತಿಳಿಯುತ್ತದೆ. ಅಷ್ಟೇ ಆಗಿದ್ದು. ಈಗ ಎಲ್ಲ ಫೋಟೋಗಳನ್ನೂ ಎಸ್‌ಆರ್‌ಜಿಬಿಗೆ ಬದಲಿಸಿ, ಪ್ರೊಫೈಲನ್ನೂ ಒಳಗೇ ಉಳಿಸಿ ಹಾಕುತ್ತೇವೆ.

ಅಲ್ಲಿಗೆ ಮುಗಿಯಲಿಲ್ಲ. ಕೆಂಪು ಉಡುಪಿನ ನರ್ತಕಿಯ ಫೋಟೋ ಇನ್ನೂ ಕಾಡುತ್ತಿತ್ತು. ಬಣ್ಣ ಸರಿಯಾಯಿತು, ಆದರೆ ಬಟ್ಟೆಯ ಅಂಚು ಹಿಟ್ಟು ಹಿಟ್ಟಾಗಿ ಕಾಣುತ್ತಿತ್ತು. ಕಾರಣ ವೆಬ್‌ಪಿ. ಗೂಗಲ್ 2010ರಲ್ಲಿ ತಂದ ಈ ಫಾರ್ಮ್ಯಾಟ್ ಫೈಲನ್ನು ಚೆನ್ನಾಗಿ ಕುಗ್ಗಿಸುತ್ತದೆ, ನಿಜ. ಆದರೆ ಅದರ ಸಾಮಾನ್ಯ ರೂಪದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇದ್ದರೆ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದೇ. ನಮ್ಮ ಕಣ್ಣು ಬಣ್ಣಕ್ಕಿಂತ ಬೆಳಕಿನ ವ್ಯತ್ಯಾಸವನ್ನು ಜಾಸ್ತಿ ಗುರುತಿಸುವುದರಿಂದ ಸಾಮಾನ್ಯ ಫೋಟೋಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಪ್ಪಿನ ಮುಂದೆ ಗಾಢ ಕೆಂಪು ಬಂದಾಗ ಮಾತ್ರ ಅಂಚು ಇರುವುದೇ ಬಣ್ಣದಲ್ಲಿ, ಬೆಳಕಿನಲ್ಲಿ ಅಲ್ಲ. ಅಲ್ಲಿ ಅದು ಕೈಕೊಡುತ್ತದೆ. ಒಂದೇ ಫೋಟೋದ ಮೂರು ರೂಪಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು: ವೆಬ್‌ಪಿ, ಬಣ್ಣ ಕಡಿತ ಇಲ್ಲದ ಜೆಪೆಗ್, ಮತ್ತು 2019ರಲ್ಲಿ ಬಂದ ಎವಿಐಎಫ್. ನೋಡಿದ ಮೇಲೆ ಕೆಂಪು ಮತ್ತು ಗಾಢ ನೀಲಿಯ ಹದಿನೈದು ಫೋಟೋಗಳನ್ನು ಬಣ್ಣ ಪೂರ್ತಿ ಉಳಿಸುವ ಎವಿಐಎಫ್‌ನಲ್ಲಿ, ಅದನ್ನು ತೆರೆಯಲಾಗದ ಹಳೆಯ ಬ್ರೌಸರಿಗೆ ಜೆಪೆಗ್‌ನಲ್ಲಿ ಹಾಕಿದೆವು. ಹದಿನೈದು ಫೋಟೋಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ನನಗೆ ಮೊದಲು ಸಿಕ್ಕಿರಲಿಲ್ಲ.

ಕತ್ತರಿಸುವ ವಿಷಯ. ಜಾಸ್ತಿ ಟೆಂಪ್ಲೇಟುಗಳು ಮುಖಪುಟದಲ್ಲಿ ಫೋಟೋಗಳನ್ನು ಒಂದೇ ಅಳತೆಯ ಚೌಕಗಳಿಗೆ ತುರುಕುತ್ತವೆ. ನೋಡಲು ಅಚ್ಚುಕಟ್ಟು. ಆದರೆ ನರ್ತಕಿಯ ಎರಡೂ ಕೈ ಹೋಗುತ್ತದೆ, ನೃತ್ಯವೇ ಹೋದಂತೆ. ಮೂಲೆಯ ನಟನ ಫೋಟೋ ಬರೀ ಕಪ್ಪು ಚೌಕ ಆಗುತ್ತದೆ, ನಟನೇ ಇಲ್ಲ. ಫ್ರೇಮ್ ಹಾಕುವುದೇ ನಮ್ಮ ಕೆಲಸ, ಅದನ್ನು ಒಂದು ಸಾಲಿನ ಕೋಡ್ ಮತ್ತೆ ಕತ್ತರಿಸಿದರೆ ಹೇಗೆ ಸಹಿಸುವುದು? ಇವರು ಒಂದೇ ಒಂದು ಫೋಟೋವನ್ನೂ ಕತ್ತರಿಸಲಿಲ್ಲ. ಪ್ರತಿ ಸಾಲಿನ ಎತ್ತರ ಒಂದೇ ಇಟ್ಟು, ಅಗಲ ಫೋಟೋಗೆ ತಕ್ಕ ಹಾಗೆ ಬದಲಾಗುವಂತೆ ಮಾಡಿದರು. ಉದ್ದದ ಫೋಟೋ ತೆರೆದಾಗ ಅದು ಪರದೆಯ ಎತ್ತರಕ್ಕೆ ಪೂರ್ತಿ ಹೊಂದುತ್ತದೆ, ಕಾಲು ನೋಡಲು ಕೆಳಗೆ ಸರಿಸಬೇಕಾಗಿಲ್ಲ.

ಫೋನಿನಲ್ಲಿ ಲೆಕ್ಕ ಬೇರೆಯೇ. 390 ಪಿಕ್ಸೆಲ್ ಅಗಲದ ಫೋನ್ ಪರದೆಯಲ್ಲಿ 3:2 ಅಡ್ಡ ಫೋಟೋ 260 ಎತ್ತರಕ್ಕೆ ಕುಗ್ಗುತ್ತದೆ, ಅದೇ ಫೋಟೋವನ್ನು ಉದ್ದಕ್ಕೆ ತೆಗೆದಿದ್ದರೆ 585 ಎತ್ತರ ಬರುತ್ತದೆ. ಅಂದರೆ ದೊಡ್ಡ ಪರದೆಯಲ್ಲಿ ರಾಜನ ಹಾಗಿರುವ ಅಗಲ ಫೋಟೋ ಫೋನಿನಲ್ಲಿ ಅಂಚೆಚೀಟಿ. ಹಾಗಾಗಿ ಫೋನಿಗೆ ಬೇರೆ ಕ್ರಮ ಮಾಡಿದರು, ಉದ್ದದ ಫೋಟೋಗಳು ಮೊದಲು ಬರುತ್ತವೆ. ಇದು ನನಗೆ ಹೊಳೆದೇ ಇರಲಿಲ್ಲ. ಎಡಿಟರ್‌ಗಳು ಲಿಂಕ್ ಬಂದ ಕೂಡಲೇ ತೆರೆಯುವುದು ಫೋನಿನಲ್ಲೇ, ಹಲವರು ನನಗೆ ಹಾಗೇ ಹೇಳಿದ್ದಾರೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬೇಕಾದಷ್ಟು ಚೆನ್ನಾಗಿದೆ. ಪುಟದ ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟ ಅಳತೆ, ನನ್ನ ಸೈಟು ಫೋನಿನಲ್ಲೂ ಅದರೊಳಗೇ ಇದೆ. ಪ್ರತಿ ಫೋಟೋಗೂ ಐದು ಅಳತೆಯ ಪ್ರತಿ ಇದೆ, ಬ್ರೌಸರು ತನಗೆ ಬೇಕಾದ್ದನ್ನು ಮಾತ್ರ ತರಿಸಿಕೊಳ್ಳುತ್ತದೆ. ಕೆಳಗಿನ ಫೋಟೋಗಳು ಸರಿಸಿದಾಗ ಬರುತ್ತವೆ, ಆದರೆ ಮೊದಲ ಫೋಟೋಗೆ ಆ ತಡ ಇಲ್ಲ. ಹಳೆಯ ಟೆಂಪ್ಲೇಟಿನಲ್ಲಿ ಮೊದಲ ಫೋಟೋಗೂ ಅದೇ ತಡ ಇತ್ತು. ಮುಖಪುಟ ತೆರೆದರೆ ಒಂದು ಕ್ಷಣ ಬರೀ ಖಾಲಿ.

ಹಿನ್ನೆಲೆಯ ಬಣ್ಣಕ್ಕೆ ನಮ್ಮಲ್ಲಿ ದೊಡ್ಡ ವಾದವೇ ಆಯಿತು. ನನಗೆ ಕಪ್ಪು ಬೇಕಿತ್ತು, ರಂಗದ ಫೋಟೋ ಅಂದರೆ ಕಪ್ಪೇ ಸರಿ ಅನ್ನೋದು ನನ್ನ ನಂಬಿಕೆ. ಅವರು ಮೂಲೆಯ ನಟನ ಫೋಟೋವನ್ನು ಕಪ್ಪಿನ ಮೇಲೆ ಇಟ್ಟು ತೋರಿಸಿದರು. ಫ್ರೇಮ್ ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲಿಲ್ಲ. ನಾನು ಅಳೆದು ಬಿಟ್ಟ ಖಾಲಿ ಜಾಗಕ್ಕೆ ಅರ್ಥವೇ ಉಳಿಯಲಿಲ್ಲ. ಅಪ್ಪಟ ಬಿಳಿಯ ಮೇಲೆ ಇಟ್ಟರೆ ಅಜ್ಜಿಯ ಬಿಳಿ ಗೋಡೆ ಕರಗಿ ಹೋಯಿತು, ಜೊತೆಗೆ ಕತ್ತಲೆಯ ಫೋಟೋಗಳು ಇನ್ನೂ ಕಪ್ಪಾಗಿ, ನೆರಳಿನ ವಿವರ ಕಾಣದೆ ಹೋದವು. ಕೊನೆಗೆ ತೆಳು ಬೂದು. ಎರಡಕ್ಕೂ ಅಂಚು ಉಳಿಯುತ್ತದೆ. ಈಗಲೂ ಕೆಲವು ರಾತ್ರಿ ಸೈಟ್ ನೋಡುವಾಗ ಕಪ್ಪಿದ್ದರೆ ಚೆನ್ನಾಗಿತ್ತು ಅನ್ನಿಸುವುದುಂಟು, ಆದರೆ ಆ ನಟನ ಫೋಟೋ ಬಂದ ಕೂಡಲೇ ಮನಸ್ಸು ಬದಲಾಗುತ್ತದೆ.

ಫೋಟೋ ಕದಿಯುವ ಭಯ ಎಲ್ಲರಿಗೂ ಇದೆ. ರೈಟ್ ಕ್ಲಿಕ್ ಬಂದ್ ಮಾಡಿ ಅಂತ ಕೇಳಿದೆ. ಮಾಡುವುದಿಲ್ಲ ಅಂದರು. ಸ್ಕ್ರೀನ್‌ಶಾಟ್ ತೆಗೆಯುವವರನ್ನು ಅದು ತಡೆಯುವುದಿಲ್ಲ, ಒಳ್ಳೆಯ ಉದ್ದೇಶದಿಂದ ಲಿಂಕನ್ನು ಹೊಸ ಟ್ಯಾಬಿನಲ್ಲಿ ತೆರೆಯಲು ಹೋದ ಎಡಿಟರಿಗೆ ಮಾತ್ರ ಅಡ್ಡಿ. ಅದರ ಬದಲು ಫೈಲಿನೊಳಗೆ ಐಪಿಟಿಸಿ ಮಾಹಿತಿ ಇಟ್ಟರು: ತೆಗೆದವರ ಹೆಸರು, ಹಕ್ಕು ಯಾರದ್ದು, ಅನುಮತಿಗೆ ಯಾವ ಪುಟ ನೋಡಬೇಕು. 2020ರಿಂದ ಗೂಗಲ್ ಇಮೇಜಸ್ ಈ ಮಾಹಿತಿ ಓದಿ ಫೋಟೋದ ಮೇಲೆ ಲೈಸೆನ್ಸ್ ಗುರುತು ತೋರಿಸುತ್ತದೆ. ತುಂಬಾ ಸೈಟುಗಳು ಫೈಲ್ ಚಿಕ್ಕದು ಮಾಡುವಾಗ ಇದೆಲ್ಲವನ್ನೂ ಅಳಿಸಿಬಿಡುತ್ತವೆ. ಇವರು ಒಂದನ್ನು ಮಾತ್ರ ತಪ್ಪದೇ ಅಳಿಸುತ್ತಾರೆ, ಫೋಟೋ ತೆಗೆದ ಜಾಗ ಹೇಳುವ ಜಿಪಿಎಸ್ ಮಾಹಿತಿ. ನಾನು ಕಲಾವಿದರ ಮನೆಗಳಲ್ಲೇ ಪೋರ್ಟ್ರೇಟ್ ತೆಗೆಯುತ್ತೇನೆ. ಅವರ ಮನೆ ಎಲ್ಲಿದೆ ಅಂತ ನನ್ನ ಫೈಲು ಊರಿಗೆಲ್ಲ ಹೇಳಬಾರದು. ಇದನ್ನು ನಾನು ಕೇಳುವ ಮೊದಲೇ ಅವರು ಮಾಡಿದ್ದರು. ಇದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಇನ್ನು ದೂರುಗಳು. ಮೊದಲನೆಯದು ಸಮಯ. ಆರು ವಾರ ಅಂದಿದ್ದರು, ಹನ್ನೊಂದು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ನನ್ನದೇ, ಆರಿಸುವುದರಲ್ಲಿ ಹೋಯಿತು. ಉಳಿದ ಮೂರು ವಾರ ಅವರದು. ಎಷ್ಟು ದಿನ ಆಗುತ್ತದೆ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುತ್ತಿರಲಿಲ್ಲ.

ಎರಡನೆಯದು ಕ್ಯಾಪ್ಶನ್, ಇದು ನನಗೆ ನಿಜವಾಗಿ ಸಿಟ್ಟು ತರಿಸಿದ್ದು. ಮೊದಲ ವಿನ್ಯಾಸದಲ್ಲಿ ಮೌಸ್ ಇಟ್ಟಾಗ ಮಾತ್ರ ಫೋಟೋದ ಕೆಳಗೆ ಬರಹ ಬರುತ್ತಿತ್ತು. ಫೋನಿನಲ್ಲಿ ಮೌಸ್ ಎಲ್ಲಿದೆ? ರಂಗದ ಫೋಟೋದಲ್ಲಿ ಬೆಳಕು ನನ್ನದಲ್ಲ, ಲೈಟಿಂಗ್ ಡಿಸೈನ್ ಮಾಡಿದವರದು. ಉಡುಪು ಬೇರೆಯವರದು, ನಿರ್ದೇಶನ ಇನ್ನೊಬ್ಬರದು. ಅವರ ಹೆಸರುಗಳನ್ನು ಮರೆಮಾಡಿ ನನ್ನ ಹೆಸರನ್ನು ಮಾತ್ರ ದೊಡ್ಡದಾಗಿ ಹಾಕಿಕೊಳ್ಳಲು ನನ್ನಿಂದ ಆಗುವುದಿಲ್ಲ. ಪುಟ ಖಾಲಿಯಾಗಿ ಕಾಣಬೇಕು ಅನ್ನೋದು ಡಿಸೈನ್ ಮಾಡುವವರ ಹಟ. ಮೂರು ಸಲ ಹೇಳಿದ ಮೇಲೆ ಬದಲಿಸಿದರು. ಬದಲಿಸಿದ ಮೇಲೂ ಅಕ್ಷರ ತೆಳು ಬೂದು ಹಿನ್ನೆಲೆಯ ಮೇಲೆ ಬೂದಾಗಿಯೇ ಇತ್ತು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನೋದು ಓದುವ ಅನುಕೂಲಕ್ಕಾಗಿ ಇರುವ ವೆಬ್ ಮಾನದಂಡ. ನಾನೇ ಅಳೆದು ತೋರಿಸಿದೆ, ಆಮೇಲೆ ಸರಿಹೋಯಿತು. ಕಣ್ಣು ಕಾಣದವರಿಗಾಗಿ ಫೋಟೋಗೆ ಬರೆಯುವ ವಿವರಣೆ, ಅದೇ ಆಲ್ಟ್ ಟೆಕ್ಸ್ಟ್, ಅದೂ ಅವರು ಹಾಕಿದ್ದು ನೃತ್ಯ ಫೋಟೋ 1, ನೃತ್ಯ ಫೋಟೋ 2 ಅಂತ. 46ನ್ನೂ ಕೂತು ನಾನೇ ಬರೆದೆ. ಒಂದು ಭಾನುವಾರ ಪೂರ್ತಿ ಹೋಯಿತು, ಆದರೆ ಒಂದು ಹಾರಿದ ದೇಹವನ್ನು ಎರಡು ಸಾಲಿನಲ್ಲಿ ಹೇಳಲು ಕೂತಾಗ ನನ್ನದೇ ಫೋಟೋಗಳನ್ನು ಹೊಸದಾಗಿ ನೋಡಿದೆ.

ಮೂರನೆಯದು ಸಂಪರ್ಕದ ಫಾರ್ಮ್. ಮೊದಲ ಮೂರು ವಾರ ಒಂದೇ ಒಂದು ಸಂದೇಶ ಬರಲಿಲ್ಲ. ಹೊಸ ಸೈಟ್ ಯಾರಿಗೂ ಹಿಡಿಸಲಿಲ್ಲವೇನೋ ಅಂತ ನಿದ್ದೆ ಕೆಟ್ಟಿತು. ನೋಡಿದರೆ ಎಲ್ಲವೂ ಸ್ಪ್ಯಾಮಿಗೆ ಹೋಗಿದ್ದವು. ಫಾರ್ಮ್ ತುಂಬಿದವರ ವಿಳಾಸದಿಂದಲೇ ಮೇಲ್ ಬಂದ ಹಾಗೆ ಸೈಟು ಕಳಿಸುತ್ತಿತ್ತು, ಮೇಲ್ ಸೇವೆಗಳು ಅದನ್ನು ನಕಲಿ ಅಂತ ತಳ್ಳುತ್ತವೆ. ನನ್ನ ಡೊಮೇನಿನ ವಿಳಾಸದಿಂದಲೇ ಕಳಿಸಿ, ಉತ್ತರ ಹೋಗುವ ಜಾಗದಲ್ಲಿ ಅವರ ವಿಳಾಸ ಹಾಕಬೇಕು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಒಂದು ನೃತ್ಯೋತ್ಸವದ ಕೆಲಸ ಬೇರೆಯವರಿಗೆ ಹೋಗಿತ್ತು. ನೀವು ಸೈಟ್ ಮಾಡಿಸಿದರೆ ಮೊದಲ ದಿನವೇ ಬೇರೆ ಬೇರೆ ವಿಳಾಸಗಳಿಂದ ನಾಲ್ಕು ಸಲ ಫಾರ್ಮ್ ತುಂಬಿ ನೋಡಿ, ದಯವಿಟ್ಟು. ಹಳೆಯ ಪುಟಗಳ ಲಿಂಕುಗಳನ್ನು ಹೊಸದಕ್ಕೆ ತಿರುಗಿಸುವುದನ್ನೂ ಮರೆತಿದ್ದರು, ವರ್ಷಗಳಿಂದ ಪತ್ರಿಕೆಗಳ ಲೇಖನಗಳಲ್ಲಿದ್ದ ಲಿಂಕುಗಳು ಸತ್ತು ಬಿದ್ದಿದ್ದವು. ಹೇಳಿದ ದಿನವೇ ಸರಿಮಾಡಿದರು.

ಈಗಲೂ ಸರಿಯಾಗದೆ ಉಳಿದಿರುವುದು ಒಂದು. ಹೊಸ ಸರಣಿ ಸೇರಿಸುವುದು ಕಷ್ಟ. ಫೋಟೋ ಬದಲಿಸುವುದು ಸುಲಭ, ಆದರೆ ಹೊಸ ಪುಟ ಬೇಕು ಅಂದರೆ ಅವರಿಗೇ ಹೇಳಬೇಕು, ಒಂದು ವಾರ ಕಾಯಬೇಕು.

ಹಾಗಾದರೆ ಎಲ್ಲರೂ ಹೀಗೆ ಮಾಡಿಸಬೇಕಾ? ಬೇಡ ಅಂತಲೇ ಹೇಳುತ್ತೇನೆ. ಖರ್ಚು ರೆಡಿಮೇಡ್ ಸೇವೆಯ ವರ್ಷದ ಚಂದಾಕ್ಕಿಂತ ಹಲವು ಪಟ್ಟು. ಹೊಸದಾಗಿ ಶುರುಮಾಡುವವರಿಗೆ ಸ್ಕ್ವೇರ್‌ಸ್ಪೇಸ್, ಫಾರ್ಮ್ಯಾಟ್ ಥರದ ರೆಡಿಮೇಡ್ ಸೇವೆಗಳು ಸಾಕು. ಫೋಟೋ ತಿದ್ದುವ ಲೈಟ್‌ರೂಮ್‌ಗೆ ಅಂತ ಅಡೋಬಿಯ ಕ್ರಿಯೇಟಿವ್ ಕ್ಲೌಡ್ ಚಂದಾ ಕಟ್ಟುತ್ತಿದ್ದರೆ ಅಡೋಬಿ ಪೋರ್ಟ್‌ಫೋಲಿಯೋ ಬೇರೆ ದುಡ್ಡಿಲ್ಲದೆ ಅದರ ಜೊತೆಗೇ ಬರುತ್ತದೆ, ಹಲವರಿಗೆ ಇದು ಗೊತ್ತೇ ಇಲ್ಲ. ಗ್ರಾಹಕರಿಗೆ ನೂರಾರು ಫೋಟೋ ತಲುಪಿಸುವುದು ಬೇರೆಯೇ ಕೆಲಸ, ಅದಕ್ಕೆ ಪಿಕ್ಸಿಸೆಟ್, ಸ್ಮಗ್‌ಮಗ್ ಥರದವು ಇವೆ. ಅದನ್ನು ಪೋರ್ಟ್‌ಫೋಲಿಯೋ ಜೊತೆ ಕಲಸಬೇಡಿ. ಯಾವುದನ್ನೇ ಆರಿಸಿ, ಉಚಿತ ಅವಧಿಯಲ್ಲಿ ನಿಮ್ಮ ಕಷ್ಟದ ಹತ್ತು ಫೋಟೋ ಹಾಕಿ, ಫೋನಿನಲ್ಲಿ ತೆರೆದು ನೋಡಿ. ಡೆಮೊ ನೋಡಿ ಮಾತ್ರ ದುಡ್ಡು ಕೊಡಬೇಡಿ. ನೆಲದ ಮೇಲೆ ಪ್ರಿಂಟ್ ಹರಡುವುದಕ್ಕೆ ಯಾವ ಸೇವೆಯೂ ಬೇಕಾಗಿಲ್ಲ, ಕಣ್ಣು ನಂಬಬಹುದಾದ ಒಬ್ಬ ಗೆಳೆಯರನ್ನು ಕರೆದು ಕೂರಿಸಿಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಮೂರು ವಾರಗಳ ಫಾರ್ಮ್‌ಗೆ. ಕಳೆದ ತಿಂಗಳು ಒಂದು ನಾಟಕ ತಂಡದ ನಿರ್ದೇಶಕರು ಫೋನ್ ಮಾಡಿ, ಮೂಲೆಯಲ್ಲಿ ಕೂತಿರುತ್ತಾನಲ್ಲ, ಆ ಕತ್ತಲೆಯ ಫೋಟೋ, ಅಂಥ ಕಣ್ಣು ನಮ್ಮ ನಾಟಕಕ್ಕೆ ಬೇಕು ಅಂದರು. ಹಳೆಯ ಸೈಟಿನಲ್ಲೂ ಅದೇ ಫೋಟೋ ಐದು ವರ್ಷ ಇತ್ತು, ಚೌಕದೊಳಗೆ ಬರೀ ಕಪ್ಪಾಗಿ. ಆ ಹೊಸ ನಾಟಕದಿಂದ ಎಂಟು ಫೋಟೋ ಸೇರಿಸಬೇಕು, ಎಂಟನ್ನು ತೆಗೆಯಬೇಕು. ಪ್ರಿಂಟುಗಳು ಬಂದಿವೆ, ಈ ಭಾನುವಾರ ನೆಲ ಖಾಲಿ ಮಾಡಿಕೊಳ್ಳುತ್ತೇನೆ.